ತೋಟದ ತರಗತಿ

ಆ ಶಾಲೆಯಲ್ಲಿ ತೋಟ ಅಂತ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಅಡುಗೆಕೋಣೆಯ ಹಿಂದೆ ನೀರಿನ ತೊಟ್ಟಿ, ತೊಟ್ಟಿಯ ಆಚೆ ಒಂದು ಪಟ್ಟಿ ನೆಲ, ಅದರಲ್ಲಿ ಬದುಕಲೋ ಸಾಯಲೋ ಎಂದು ನಿಂತಿದ್ದ ನಾಲ್ಕು ಗಿಡ, ಪಕ್ಕದಲ್ಲಿ ಮುರಿದ ಬೆಂಚುಗಳ ರಾಶಿ. ಅಷ್ಟೇ. ಆದರೂ ತೋಟದ ತರಗತಿ ಎಂದರೆ ಏನು ಅಂತ ಒಂದನೇ ಕ್ಲಾಸಿನ ಮಗುವನ್ನು ಕೇಳಿದರೂ ಹೇಳುತ್ತಿತ್ತು.

ಇಲಾಖೆಯ ಕಾರು ಬೀದಿಯ ತಿರುವಿನಲ್ಲಿ ಕಂಡಿತೋ, ಗೇಟಿನ ಬಳಿ ಕೂತಿರುತ್ತಿದ್ದ ಆಯಮ್ಮ ಎದ್ದು ಬಡಬಡನೆ ಗಂಟೆ ಬಾರಿಸುತ್ತಿದ್ದಳು. ಆಮೇಲೆ ಯಾರು ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಪ್ರತಿ ಕೋಣೆಯಲ್ಲೂ ಟೀಚರು “ತೋಟದವರು ಏಳ್ರಪ್ಪಾ” ಅನ್ನುವುದು, ಓದಲು ಬಾರದ ಮಕ್ಕಳು ತಾವಾಗಿಯೇ ಎದ್ದು ಸಾಲು ಹಿಡಿದು ಹಿಂಬಾಗಿಲಿನಿಂದ ಜಾರಿಕೊಳ್ಳುವುದು. ಅವಕ್ಕೇನೂ ಬೇಜಾರಿಲ್ಲ, ಪಾಠ ತಪ್ಪಿತಲ್ಲ ಅಂತ ಖುಷಿಯೇ. ಬಂದ ಸಾಹೇಬರು ಉಳಿದವರಲ್ಲಿ ಯಾರನ್ನು ಎಬ್ಬಿಸಿ ಓದಿಸಿದರೂ ಆ ಮಗು ನೀರು ಕುಡಿದಷ್ಟು ಸಲೀಸಾಗಿ ಓದುತ್ತಿತ್ತು. ಸಾಹೇಬರು ತಲೆದೂಗಿ, ಚಹಾ ಕುಡಿದು, ಒಳ್ಳೆಯ ಮಾತು ಬರೆದು ಹೋಗುತ್ತಿದ್ದರು. ಮೋಸ ಅಂತೀರಾ? ಮೋಸವೇ. ಆದರೆ ಒಂದು ಮಗು ತಡವರಿಸಿದರೆ ಟೀಚರ ಬಡ್ತಿಗೆ ಕಲ್ಲು ಹಾಕುವ ಇಲಾಖೆಗೆ ಇದಕ್ಕಿಂತ ಒಳ್ಳೆಯ ಮರ್ಯಾದೆ ಬೇಕೇ?

ಈ ಪದ್ಧತಿಯನ್ನು ಶುರು ಮಾಡಿದವರು ದೊಡ್ಡ ಮೇಡಂ ಅಲ್ಲ. ಅವರಿಗಿಂತ ಹಿಂದೆ ಇದ್ದ ಮುಖ್ಯೋಪಾಧ್ಯಾಯರು ಮಾಡಿಟ್ಟು ಹೋಗಿದ್ದರು. ಇವರು ಕುರ್ಚಿಯ ಜತೆ ಅದನ್ನೂ ವಹಿಸಿಕೊಂಡರು. ದೊಡ್ಡ ಮೇಡಂ ಎಂದರೆ ಆಳು ದೊಡ್ಡವರೇನಲ್ಲ, ಕಪ್ಪುಹಲಗೆಯ ಮೇಲ್ತುದಿ ಕೈಗೆ ಸಿಗುತ್ತಿರಲಿಲ್ಲ. ದನಿ ಮಾತ್ರ ಗೇಟಿನ ತನಕ ಕೇಳುತ್ತಿತ್ತು. ಮನಸ್ಸು ಒಳ್ಳೆಯದು. ‘ಬರೋ ವರ್ಷ ಈ ಮಕ್ಕಳಿಗೇ ಅಂತ ಒಂದು ನಿಜವಾದ ತರಗತಿ ಮಾಡಬೇಕು’ ಎಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದರು. ಒಂದು ವರ್ಷ ಟೀಚರುಗಳು ಸಾಲಲಿಲ್ಲ, ಮತ್ತೊಂದು ವರ್ಷ ಸೂರು ಸೋರಿತು, ಇನ್ನೊಂದು ವರ್ಷ ಚುನಾವಣೆ ಕೆಲಸಕ್ಕೆ ಎಲ್ಲರನ್ನೂ ಎಳೆದುಕೊಂಡು ಹೋದರು. ಹೀಗೆ ಬರೋ ವರ್ಷ ಬರಲೇ ಇಲ್ಲ.

ತೋಟದವರಲ್ಲಿ ಮುಂದಾಳು ಆಯಮ್ಮನ ಮೊಮ್ಮಗಳು. ಹಾಜರಿ ಪುಸ್ತಕದಲ್ಲಿ ಒಳ್ಳೆಯ ಹೆಸರೇ ಇತ್ತು, ಆದರೆ ಮೆಣಸಿ ಎಂದರೆ ಮಾತ್ರ ತಿರುಗಿ ನೋಡುತ್ತಿದ್ದಳು. ಅಂಥ ಖಾರದ ಬಾಯಿ. ಎಷ್ಟು ಜನ ಮೇಷ್ಟರಿದ್ದರೋ ಅಷ್ಟೂ ಜನರ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದಳು. ಪುಸ್ತಕ ಮುಂದೆ ಹಿಡಿದರೆ ಮಾತ್ರ ಅದೇ ಬಾಯಿಗೆ ಬೀಗ. ನಾಲ್ಕನೇ ಕ್ಲಾಸಿಗೆ ಬಂದರೂ ಅಕ್ಷರ ಕೂಡಿಸಲು ಬರುತ್ತಿರಲಿಲ್ಲ. ಅವಳ ಅಮ್ಮ ದೊಡ್ಡ ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. “ಬರದ ಓದಿಗೆ ಯಾಕೆ ಕೂರಿಸ್ತೀಯಾ, ನನ್ನ ಜತೆ ಕಳ್ಸು, ಕೆಲಸನಾದ್ರೂ ಕಲೀತಾಳೆ” ಎಂದು ದಿನಾ ಮನೆಯಲ್ಲಿ ಜಗಳ. ಆಯಮ್ಮ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ಓದು ಬರಲಿ ಬಿಡಲಿ, ಮಗು ಶಾಲೆಯಲ್ಲಿ ಇರಬೇಕು, ಅಷ್ಟೇ ಅವಳ ಹಟ.

ಅಷ್ಟರಲ್ಲಿ ಮೇಲಿನಿಂದ ಸುದ್ದಿ ಬಂತು. ಸರ್ಕಾರಿ ಶಾಲೆಗಳನ್ನು ಇನ್ನು ಮೇಲೆ ಕಂಪನಿಗಳ ಜತೆ ಪಾಲುದಾರಿಕೆಯಲ್ಲಿ ನಡೆಸುತ್ತಾರಂತೆ, ಸರಿಯಿಲ್ಲದ ಶಾಲೆಗಳನ್ನು ಮೊದಲು ಕೊಡುತ್ತಾರಂತೆ. ಸಭೆಯ ಮೇಲೆ ಸಭೆ. ಎಲ್ಲ ಸಭೆಯಲ್ಲೂ ಗುಣಮಟ್ಟ, ಗುಣಮಟ್ಟ. ಕೇಳಿ ಕೇಳಿ ದೊಡ್ಡ ಮೇಡಂ ಕಿವಿ ತೂತಾಗಿತ್ತು.

“ಅಲ್ಲ ಮೇಷ್ಟ್ರೇ, ಪಾಲುದಾರಿಕೆ ಅಂದ್ರೆ ಯಾರದು ಏನು ಪಾಲು?” ಎಂದು ಅವರು ಲೆಕ್ಕದ ಮೇಷ್ಟರನ್ನು ಕೇಳಿದರು.

“ಕಟ್ಟಡ ಸರ್ಕಾರದ್ದು. ನಮ್ಮ ಸಂಬಳ ಸರ್ಕಾರದ್ದು. ಮಕ್ಕಳು ಊರವರದ್ದು. ಬೋರ್ಡು ಕಂಪನೀದು.”

“ಮತ್ತೆ ಅವರು ತರೋದೇನು?”

“ಬೋರ್ಡು ತರ್ತಾರಲ್ಲ ಮೇಡಂ, ಹೇಳಿದ್ನಲ್ಲ.”

ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಪಕ್ಕದ ಬಡಾವಣೆಯ ಶಾಲೆ ಆಗಲೇ ಕಂಪನಿಯ ಕೈಗೆ ಹೋಗಿತ್ತು. ಅಲ್ಲಿ ಮಕ್ಕಳನ್ನೆಲ್ಲ ಒಂದು ಪರೀಕ್ಷೆಗೆ ಕೂರಿಸಿ ಜರಡಿ ಹಿಡಿದಿದ್ದರು. ಮೇಲೆ ಉಳಿದವರನ್ನು ಇಟ್ಟುಕೊಂಡು, ಕೆಳಗೆ ಬಿದ್ದವರ ಮನೆಯವರಿಗೆ ‘ನಿಮ್ಮ ಮಗುವಿಗೆ ಬೇರೆ ಶಾಲೆ ಒಳ್ಳೆಯದು’ ಎಂದು ನಯವಾಗಿ ಹೇಳಿ ಕಳಿಸಿದ್ದರು. ಆ ಬೇರೆ ಶಾಲೆ ಎಲ್ಲಿತ್ತು ಅಂತೀರಿ? ಹೆದ್ದಾರಿ ದಾಟಿ, ಬಸ್ಸು ಬದಲಿಸಿ ಹೋಗಬೇಕು. ಚಿಕ್ಕ ಮಕ್ಕಳನ್ನು ಯಾರು ಕಳಿಸುತ್ತಾರೆ? ಮನೆಯಲ್ಲಿ ಕೂತವು, ಕೂತಲ್ಲಿಂದ ಕೆಲಸಕ್ಕೆ ಹೋದವು.

ಆವತ್ತು ಸಂಜೆ ಕಸ ಗುಡಿಸುತ್ತಿದ್ದ ಆಯಮ್ಮ ಪೊರಕೆ ಬದಿಗಿಟ್ಟು ದೊಡ್ಡ ಮೇಡಂ ಮೇಜಿನ ಮುಂದೆ ಬಂದು ನಿಂತಳು.

“ಮೇಡಂ, ಈ ಶಾಲೆ ಹೋದ್ರೆ ನಮ್ಮ ಹುಡುಗೀನೂ ಹೋದ್ಲು. ಅವಳಮ್ಮ ಕಾಯ್ಕೊಂಡು ಕೂತವ್ಳೆ.”

“ನೀನು ಸುಮ್ನಿರು ಆಯಮ್ಮ. ನಾನು ಇರೋವರೆಗೂ ಮೆಣಸೀನ ಈ ಗೇಟಿಂದ ಯಾರೂ ಆಚೆ ಹಾಕಲ್ಲ. ಮಾತು ಕೊಟ್ಟಿದ್ದೀನಿ, ಸರಿನಾ?”

ಆಯಮ್ಮ ನಂಬಿದಳು. ದೊಡ್ಡ ಮೇಡಂ ಕೂಡ ತಮ್ಮನ್ನು ತಾವೇ ನಂಬಿಕೊಂಡರು. ಎಷ್ಟು ತಪಾಸಣೆ ನೋಡಿಲ್ಲ ಅವರು! ಬರಲಿ, ಗುಣಮಟ್ಟ ತಾನೇ, ತೋರಿಸೋಣ ಎಂದು ಟೀಚರುಗಳನ್ನೆಲ್ಲ ಕೂರಿಸಿ ಹೇಳಿದರು: “ಈ ಸಲ ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗೋ ಹಾಗಿಲ್ಲ. ಅರ್ಧಂಬರ್ಧ ಓದೋರನ್ನೂ ತೋಟಕ್ಕೇ ಕಳ್ಸಿ.”

ಬಂದವರು ಇಲಾಖೆಯ ಕಾರಿನಲ್ಲಿ ಬರಲಿಲ್ಲ. ಬಾಡಿಗೆ ವ್ಯಾನಿನಿಂದ ಇಳಿದ ಇಬ್ಬರು ಎಳೆ ವಯಸ್ಸಿನವರು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲೊಂದು ಯಂತ್ರ. ಆದರೂ ಆಯಮ್ಮನ ಕಣ್ಣು ತಪ್ಪಿಸಲಾದೀತೇ! ಗಂಟೆ ಬಾರಿಸಿಯೇ ಬಾರಿಸಿದಳು. ತೋಟದ ಸಾಲು ಯಾವತ್ತಿಗಿಂತ ಉದ್ದವಾಗಿ ಹೊರಟಿತು. ಮುರಿದ ಬೆಂಚುಗಳ ಮೇಲೆ, ತೊಟ್ಟಿಯ ಕಟ್ಟೆಯ ಮೇಲೆ, ನೆಲದ ಮೇಲೆ ಮಕ್ಕಳು ಒತ್ತೊತ್ತಾಗಿ ಕೂತರು. ಆಯಮ್ಮ ಹಿಂದೆಯೇ ಹೋಗಿ ಕಾವಲು ನಿಂತಳು.

ವ್ಯಾನಿನವರು ಯಾವ ಮಗುವನ್ನೂ ಓದಿಸಲಿಲ್ಲ. ಪುಸ್ತಕ ಮುಟ್ಟಲಿಲ್ಲ. ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಯಂತ್ರವನ್ನು ಒಂದೊಂದು ಮುಖಕ್ಕೆ ಹಿಡಿಯುತ್ತಾ ಹೋದರು. ಅದು ಕಿಂಕ್ ಎನ್ನುತ್ತಿತ್ತು, ಮುಂದಿನ ಮುಖಕ್ಕೆ ಹೋಗುತ್ತಿದ್ದರು. ‘ಓದಿಸೋದು ಆಮೇಲೆ ಇರಬೇಕು’ ಎಂದುಕೊಂಡು ದೊಡ್ಡ ಮೇಡಂ ಬೆನ್ನು ನೆಟ್ಟಗೆ ಮಾಡಿ ಕಾದರು.

“ಎಲ್ಲರೂ ಬಂದ್ರಲ್ವಾ ಮೇಡಂ? ಒಂದ್ಸಲ ಇದರ ಮುಂದೆ ಹೇಳಿಬಿಡಿ” ಎಂದು ವ್ಯಾನಿನ ಹುಡುಗ ಯಂತ್ರವನ್ನು ಅವರ ಮುಖದ ಹತ್ತಿರ ತಂದ.

“ಎಲ್ಲರೂ ಇದ್ದಾರೆ” ಎಂದರು ದೊಡ್ಡ ಮೇಡಂ, ಗೇಟಿನ ತನಕ ಕೇಳುವ ದನಿಯಲ್ಲಿ.

ಅಷ್ಟು ಹೊತ್ತಿಗೆ ಅಡುಗೆಕೋಣೆಯ ಹಿಂದಿನಿಂದ ಮಕ್ಕಳು ಗೊಳ್ಳೆಂದು ನಕ್ಕ ಸದ್ದು ಕೇಳಿಸಿತು. ಮೆಣಸಿ ಯಾರದೋ ನಡಿಗೆ ಅಣಕಿಸಿದ್ದಳು ಅಂತ ಕಾಣುತ್ತದೆ.

“ಅದ್ಯಾರು?” ಎಂದಳು ಜತೆಗಿದ್ದ ಹುಡುಗಿ.

ದೊಡ್ಡ ಮೇಡಂ ಕಣ್ಣು ಕೂಡ ಮಿಟುಕಿಸಲಿಲ್ಲ. “ಅಕ್ಕಪಕ್ಕದ ಮನೆ ಮಕ್ಕಳು. ಆಡ್ಕೋತಾ ಇರ್ತಾವೆ, ನಮ್ಮವಲ್ಲ.”

ಅವರು ವಂದನೆ ಹೇಳಿ ವ್ಯಾನು ಹತ್ತಿದರು. ಚಹಾ ಕೂಡ ಕುಡಿಯಲಿಲ್ಲ. “ಇಷ್ಟೇನಾ!” ಎಂದು ಸ್ಟಾಫ್ ರೂಮಿನವರಿಗೆಲ್ಲ ಹೋದ ಜೀವ ಬಂದಂತಾಯಿತು. ಲೆಕ್ಕದ ಮೇಷ್ಟರು ತಮ್ಮ ದುಡ್ಡಿನಲ್ಲೇ ಬಿಸ್ಕತ್ತು ತರಿಸಿದರು. ಅವರಿಂದ ಬಿಸ್ಕತ್ತು ತಿನ್ನುವುದೆಂದರೆ ಸಾಮಾನ್ಯದ ಮಾತಲ್ಲ.

ಸುದ್ದಿ ಬಂದದ್ದು ಆ ವಾರದ ಕೊನೆಗೆ. ಗುಣಮಟ್ಟದ ಮಾತೇ ಅದರಲ್ಲಿರಲಿಲ್ಲ. ಮಕ್ಕಳ ತಲೆ ನೂರಕ್ಕಿಂತ ಕಡಿಮೆ ಇರುವ ಶಾಲೆಗಳನ್ನೆಲ್ಲ ಪಾಲುದಾರಿಕೆಗೆ ಬಿಟ್ಟುಕೊಡುವುದು ಅಂತ ತೀರ್ಮಾನವಾಗಿತ್ತು. ಈ ಶಾಲೆಯಲ್ಲಿ ಯಂತ್ರ ಕಂಡ ಮುಖಗಳು ನೂರಕ್ಕಿಂತ ಸಾಕಷ್ಟು ಕಡಿಮೆ. ತೋಟದವರನ್ನು ಕೂಡಿಸಿದ್ದರೆ ಆರಾಮಾಗಿ ದಾಟುತ್ತಿತ್ತು. ದೊಡ್ಡ ಮೇಡಂ ಕುರ್ಚಿಯ ಕೈ ಹಿಡಿದುಕೊಂಡು ಕೂತುಬಿಟ್ಟರು. ಅಯ್ಯೋ, ತಲೆ ಎಣಿಸುತ್ತೇವೆ ಅಂತ ಒಂದು ಮಾತು ಯಾರಾದರೂ ಹೇಳಬಾರದಿತ್ತೇ! ಹೇಳಿದ್ದರೆ ಬೀದಿಯ ಮಕ್ಕಳನ್ನೂ ತಂದು ನಿಲ್ಲಿಸುತ್ತಿದ್ದರು ಈ ಹೆಂಗಸು.

ಮರುದಿನವೇ ಶಿಕ್ಷಣಾಧಿಕಾರಿಯ ಕಚೇರಿಗೆ ಹೋದರು. ಆತನೂ ಹಿಂದೆ ಮೇಷ್ಟರಾಗಿದ್ದವನೇ. ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ.

“ತೋಟದ ತರಗತಿ! ನಮ್ಮಲ್ಲಿ ಲೈಬ್ರರಿಗೆ ಕಳಿಸ್ತಿದ್ವಿ. ಎಲ್ಲ ಕಡೆ ಇದ್ದದ್ದೇ ಬಿಡಿ.”

“ಹಾಜರಿ ಪುಸ್ತಕದಲ್ಲಿ ಎಲ್ಲ ಮಕ್ಕಳ ಹೆಸರಿದೆ ಸರ್, ನೋಡಿ.”

“ಅದನ್ನ ಯಾರು ನಂಬ್ತಾರೆ ಮೇಡಂ? ಇಲ್ಲದ ಮಕ್ಕಳನ್ನ ಬರೆದೂ ಬರೆದೂ ಅದರ ಮರ್ಯಾದೆ ಕಳೆದೋರು ನಾವೇ. ಅದಕ್ಕೇ ಮುಖ ಎಣಿಸೋ ಯಂತ್ರ ಬಂದಿದ್ದು. ಎಲ್ಲರೂ ಇದ್ದಾರೆ ಅಂತ ನೀವೇ ಹೇಳಿದ್ದೀರಿ, ನಿಮ್ಮ ದನಿಯಲ್ಲೇ ಇದೆ.”

“ಮಕ್ಕಳನ್ನ ಬಚ್ಚಿಟ್ಟಿದ್ದೆ ಅಂತ ಬರೆದುಕೊಡ್ತೀನಿ. ನನ್ನನ್ನ ಏನಾದ್ರೂ ಮಾಡಿ. ಮತ್ತೊಂದ್ಸಲ ಎಣಿಸಿ.”

“ಎಣಿಸ್ತಾರೆ. ಬರೀ ಎಣಿಸಿ ಬಿಡಲ್ಲ. ಬಚ್ಚಿಟ್ಟ ಮಕ್ಕಳು ಅಂದ ಮೇಲೆ ಅವರನ್ನೇ ಮೊದಲು ಓದಿಸ್ತಾರೆ.” ಆತ ಕನ್ನಡಕ ಮತ್ತೆ ಹಾಕಿಕೊಂಡು ಅವರನ್ನೇ ನೋಡಿದ. “ಓದ್ತಾರಾ?”

ಕಿಟಕಿಯಾಚೆ ಯಾರೋ ಸ್ಕೂಟರು ಚಾಲೂ ಮಾಡಲು ಒದ್ದಾಡುತ್ತಿದ್ದರು, ದೊಡ್ಡ ಮೇಡಂ ಅದನ್ನೇ ನೋಡುತ್ತಾ ಕೂತರು.

“ಸ್ವಲ್ಪ ದಿನ ಕೊಡಿ” ಎಂದರು ಕೊನೆಗೆ.

“ಅದು ನನ್ನ ಕೈಯಲ್ಲಿಲ್ಲ. ಒಪ್ಪಂದಕ್ಕೆ ಸಹಿ ಬೀಳೋದರೊಳಗೆ ಅವರು ಬಂದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಬರೆದುಕೊಡ್ತೀನಿ ಅಂದ್ರಲ್ಲ, ಯೋಚನೆ ಮಾಡಿ. ನಿವೃತ್ತಿ ಹತ್ತಿರ ಇದೆ ನಿಮಗೆ.”

ಅವರು ಯೋಚನೆ ಮಾಡಲಿಲ್ಲ. ಅಲ್ಲೇ ಕೂತು ಬರೆದುಕೊಟ್ಟು ಬಂದರು. ಇಷ್ಟು ವರ್ಷದಲ್ಲಿ ಮೊದಲನೇ ಸಲ ಶಾಲೆಯ ಬಗ್ಗೆ ನಿಜ ಬರೆದದ್ದು.

ಆಮೇಲೆ ನೋಡಬೇಕಿತ್ತು. ಕಚೇರಿ ಕೆಲಸವನ್ನೆಲ್ಲ ಲೆಕ್ಕದ ಮೇಷ್ಟರ ತಲೆಗೆ ಕಟ್ಟಿ, ಮುರಿದ ಬೆಂಚುಗಳಿಗೆ ಇಟ್ಟಿಗೆ ಒರಗಿಸಿ, ತೊಟ್ಟಿಯ ಹಿಂದೆ ದೊಡ್ಡ ಮೇಡಂ ತಾವೇ ಪಾಠಕ್ಕೆ ನಿಂತರು. ಬೆಳಿಗ್ಗೆ ಶುರು ಮಾಡಿದರೆ ಸಂಜೆಯವರೆಗೆ. ತೋಟದವರಿಗೆ ಆಶ್ಚರ್ಯವೋ ಆಶ್ಚರ್ಯ. ತಪಾಸಣೆಯೂ ಇಲ್ಲ, ಗಂಟೆಯೂ ಆಗಿಲ್ಲ, ದೊಡ್ಡ ಮೇಡಂ ಬಂದು ಪಕ್ಕದಲ್ಲಿ ಕೂರುತ್ತಾರೆ!

ಮೆಣಸಿಯ ಪಕ್ಕ ಕೂತಾಗ ಗೊತ್ತಾಯಿತು. ಅವಳಿಗೆ ಅಕ್ಷರ ಗೊತ್ತಿತ್ತು. ಆದರೆ ಸಾಲಿನಲ್ಲಿ ನಿಂತಾಗ ಅವು ಅವಳಿಗೆ ಒಂದರ ಮೇಲೊಂದು ಬೀಳುತ್ತಿದ್ದವು, ಯಾವುದು ಮೊದಲು ಯಾವುದು ಆಮೇಲೆ ಎಂದು ತಿಳಿಯದೆ ಗಾಬರಿಯಾಗುತ್ತಿದ್ದಳು. ದೊಡ್ಡ ಮೇಡಂ ಅವಳ ತೋರುಬೆರಳನ್ನು ಹಿಡಿದು ಒಂದು ಅಕ್ಷರದ ಕೆಳಗೆ ಇಟ್ಟರು. “ಬೆರಳು ಇರೋ ಕಡೆ ಮಾತ್ರ ನೋಡು. ಮುಂದಿನದು ಎಲ್ಲೂ ಓಡಿ ಹೋಗಲ್ಲ.” ಅವಳು ನೋಡಿದಳು. ಹೇಳಿದಳು. ಬೆರಳು ಸರಿಸಿದಳು. ಮರ. ಮನೆ. ಮಳೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಮೆ, ಣ, ಸು ಎಂದು ಕೂಡಿಸಿ, “ಅಯ್ಯೋ, ಇದು ನಾನೇ!” ಎಂದು ಕಿರುಚಿದಳು. ಆಯಮ್ಮ ಪೊರಕೆ ಬಿಸಾಕಿ ಓಡಿ ಬಂದಳು.

ದೊಡ್ಡ ಮೇಡಂ ಹಿಗ್ಗಬೇಕಿತ್ತು. ಅಡುಗೆಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅತ್ತರು. ಇಷ್ಟೇ ಸಾಕಾಗಿತ್ತಲ್ಲ ಈ ಮಗುವಿಗೆ! ಪಕ್ಕದಲ್ಲಿ ಒಬ್ಬರು ಕೂತು, ಅವಸರ ಮಾಡದೆ, ಬೆರಳು ಹಿಡಿದರೆ ಆಗುತ್ತಿತ್ತಲ್ಲ! ನಾಲ್ಕು ವರ್ಷ ಅವಳಿಗೆ ಬರೋದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ಯಾಕೆ ಬರೋದಿಲ್ಲ ಅಂತ ಒಬ್ಬರೂ ನೋಡಿರಲಿಲ್ಲ. ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು. ಮುಖ ತೊಳೆದುಕೊಂಡು ಮತ್ತೆ ಪಾಠಕ್ಕೆ ಹೋದರು.

ಮತ್ತೊಮ್ಮೆ ಎಣಿಸುವವರು ಬರಲಿಲ್ಲ. ಬೋರ್ಡು ಬಂತು. ಇಬ್ಬರು ಏಣಿ ಹತ್ತಿ ಹಳೆಯ ಹಲಗೆಯನ್ನು ಕಿತ್ತು ಕೆಳಗೆ ಹಾಕಿ, ಹೊಳೆಯುವ ಹೊಸ ಹಲಗೆ ಬಿಗಿದರು. ಲೆಕ್ಕದ ಮೇಷ್ಟರು ಈ ಸಲ ತಮಾಷೆ ಮಾಡಲಿಲ್ಲ.

ಕಂಪನಿಯ ಕಡೆಯಿಂದ ಬಂದ ಸಂಯೋಜಕಿ ಕೆಟ್ಟವಳೇನಲ್ಲ. ಎಲ್ಲರಿಗೂ ನಮಸ್ಕಾರ ಹೇಳಿದಳು, ಆಯಮ್ಮನಿಗೂ ಹೇಳಿದಳು. ದೊಡ್ಡ ಮೇಡಂ ಬರೆದುಕೊಟ್ಟದ್ದರ ಮೇಲೆ ಇಲಾಖೆ ಅವರ ಮುಖ್ಯೋಪಾಧ್ಯಾಯ ಸ್ಥಾನವನ್ನು ಕಿತ್ತುಕೊಂಡು ಬರೀ ಟೀಚರಾಗಿ ಉಳಿಸಿತ್ತು. “ನಿಮ್ಮ ಅನುಭವ ನಮಗೆ ಬೇಕು ಮೇಡಂ” ಎಂದು ಸಂಯೋಜಕಿ ಅವರನ್ನು ಇಲ್ಲೂ ಶುರುವಾದ ಜರಡಿ ಪರೀಕ್ಷೆಯ ಕೋಣೆಯಲ್ಲಿ ಮಕ್ಕಳನ್ನು ಕೂರಿಸುವ ಕೆಲಸಕ್ಕೆ ಹಾಕಿದಳು.

“ಈ ಹುಡುಗಿ ನಿಧಾನಕ್ಕೆ ಓದ್ತಾಳೆ. ಆದ್ರೆ ಓದ್ತಾಳೆ. ಸ್ವಲ್ಪ ಬಿಡುವು ಕೊಡಬೇಕು” ಎಂದರು ದೊಡ್ಡ ಮೇಡಂ, ಮೆಣಸಿಯ ಸರದಿ ಬಂದಾಗ.

“ಖಂಡಿತ. ಅವಸರವೇ ಇಲ್ಲ, ಯಂತ್ರ ಕಾಯುತ್ತೆ” ಎಂದಳು ಸಂಯೋಜಕಿ, ನಿಜಕ್ಕೂ ಪ್ರೀತಿಯಿಂದಲೇ.

ಮೆಣಸಿ ತಲೆ ಬಾಚಿಕೊಂಡು ಬಂದಿದ್ದಳು. ಅವಳ ಮುಂದೆ ಪುಸ್ತಕದಷ್ಟು ಅಗಲದ ಪರದೆ ಇಟ್ಟರು. ಅದರ ಮೇಲೆ ಒಂದು ಪದ ಮೂಡಿತು. ಮೆಣಸಿ ಹೆದರಲಿಲ್ಲ. ಕಲಿಸಿದ ಹಾಗೆ ತೋರುಬೆರಳನ್ನು ಮೊದಲ ಅಕ್ಷರದ ಕೆಳಗೆ ಇಟ್ಟಳು.

ಬೆರಳು ತಗುಲಿದ್ದೇ ತಡ, ಪದ ಸರಿದು ಹೋಗಿ ಇನ್ನೊಂದು ಬಂತು. ಮುಟ್ಟಿದರೆ ಮುಂದಕ್ಕೆ ಹೋಗುವ ಪರದೆ ಅದು. ಮೆಣಸಿ ಬೆಚ್ಚಿ, ಹೊಸ ಪದದ ಕೆಳಗೆ ಬೆರಳಿಟ್ಟಳು. ಅದೂ ಹೋಯಿತು. ಮತ್ತೊಂದು. ಮತ್ತೂ ಒಂದು. ಎಲ್ಲೂ ಓಡಿ ಹೋಗಲ್ಲ ಅಂದಿದ್ದ ಅಕ್ಷರಗಳು ಬೆರಳು ಕಂಡರೆ ಓಡುತ್ತಿದ್ದವು. ಅವಳು ಇನ್ನಷ್ಟು ಗಟ್ಟಿಯಾಗಿ ಒತ್ತಿದಳು.

“ಬೆರಳು ತೆಗಿಯೇ!” ಎಂದು ದೊಡ್ಡ ಮೇಡಂ ಕೂಗಿಕೊಂಡರು. “ಬೆರಳು ತೆಗಿ, ಮುಟ್ಟಬೇಡ!”

“ಮೇಡಂ, ದಯವಿಟ್ಟು ಮಧ್ಯೆ ಮಾತಾಡ್ಬೇಡಿ. ಎಲ್ಲಾ ಮಕ್ಕಳಿಗೂ ಒಂದೇ ನಿಯಮ.”

ಮೆಣಸಿ ಬೆರಳು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಬೆರಳಿಲ್ಲದೆ ಅಕ್ಷರಗಳು ಮತ್ತೆ ಒಂದರ ಮೇಲೊಂದು ಬಿದ್ದವು. ಪರದೆ ಕಾಯುತ್ತಲೇ ಇತ್ತು, ಅವಸರವೇ ಮಾಡಲಿಲ್ಲ. ಅವಳು ದೊಡ್ಡ ಮೇಡಂ ಮುಖ ನೋಡಿದಳು, ಪರದೆ ನೋಡಿದಳು, ಆಮೇಲೆ ಎದ್ದು ಹೊರಗೆ ಹೋದಳು.

ನಿಮ್ಮ ಮಗುವಿಗೆ ಬೇರೆ ಶಾಲೆ ಒಳ್ಳೆಯದು ಎಂಬ ಮಾತು ಆಯಮ್ಮನಿಗೂ ಬಂತು. ಅವಳನ್ನು ಮಾತ್ರ ಕಂಪನಿ ಉಳಿಸಿಕೊಂಡಿತು, ಹೊಸ ಸಮವಸ್ತ್ರ ಕೊಟ್ಟಿತು. ದೊಡ್ಡ ಮೇಡಂ ಅವಳನ್ನು ಹುಡುಕಿಕೊಂಡು ಹೋದಾಗ ಕೈತೊಳೆಯುವ ಜಾಗವನ್ನು ತಿಕ್ಕುತ್ತಿದ್ದಳು.

“ಆಯಮ್ಮ, ನಾನು ಬರೆದುಕೊಟ್ಟೆ. ನನ್ನ ಕೈಲಾದದ್ದೆಲ್ಲ ಮಾಡಿದೆ.”

“ಮಾಡಿದ್ರಿ ಮೇಡಂ.” ತಿಕ್ಕುವ ಕೈ ನಿಲ್ಲಲಿಲ್ಲ. “ನಾನು ಆವತ್ತು ತೊಟ್ಟಿ ಹತ್ರಾನೇ ಇದ್ದೆ. ಅಕ್ಕಪಕ್ಕದ ಮನೆ ಮಕ್ಕಳು, ನಮ್ಮವಲ್ಲ ಅಂದ್ರಲ್ಲ, ಕೇಳಿಸ್ತು. ನಾವೆಲ್ಲ ಕೇಳಿಸ್ಕೊಂಡ್ವಿ. ಮಕ್ಕಳೂ ಕೇಳಿಸ್ಕೊಂಡ್ವು.”

“ಬಾಯಿ ತಪ್ಪಿ ಬಂತು ಆಯಮ್ಮ.”

“ಬಾಯಿ ತಪ್ಪಿ ಬರಲಿಲ್ಲ ಮೇಡಂ. ಗಂಟೆ ಹೊಡೆದು ಕಳಿಸಿದ್ದು ನಾನೂ ಸೈ, ನಿಮ್ಮೊಬ್ಬರನ್ನೇ ಅಂತಿಲ್ಲ. ಆದ್ರೆ ಮೆ, ಣ, ಸು ಅಂತ ಮೊದಲನೇ ವರ್ಷವೇ ಹೇಳ್ಕೊಡಬಹುದಿತ್ತಲ್ಲ. ಆಗ ಯಾರು ಬೇಡ ಅಂದಿದ್ರು? ಕಂಪನಿ ಇತ್ತಾ ಆಗ?” ಅವಳು ಬಕೆಟ್ಟು ಎತ್ತಿಕೊಂಡಳು. “ನೀರು ಸುರಿಯಬೇಕು, ಸ್ವಲ್ಪ ಈಚೆ ಬನ್ನಿ.”

ಆದರೂ ದೊಡ್ಡ ಮೇಡಂ ಕೈ ಬಿಡಲಿಲ್ಲ. ಶಾಲೆ ಹೋಯಿತು, ಕುರ್ಚಿ ಹೋಯಿತು, ಮಗುವಾದರೂ ಉಳಿಯಲಿ, ದಿನಾ ಸಂಜೆ ಮನೆಯಲ್ಲೇ ಕೂರಿಸಿ ಕಲಿಸುತ್ತೇನೆ ಎಂದು ಹಟ ಹಿಡಿದು, ಒಂದು ಸಂಜೆ ಕಂಪನಿಯ ತರಗತಿ ಮುಗಿಸಿ ನೇರ ದೊಡ್ಡ ಬೀದಿಯ ಲಾಂಡ್ರಿಗೆ ಹೋದರು.

ಒಳಗೆ ಹಬೆ. ಹಿಂದಿನ ಸಾಲಿನಲ್ಲಿ ಮೆಣಸಿಯ ಅಮ್ಮ ಇಸ್ತ್ರಿ ಒತ್ತುತ್ತಿದ್ದಳು, ಮುಖವೆತ್ತಿ ನೋಡಿ ಮತ್ತೆ ತಗ್ಗಿಸಿದಳು. ಮೆಣಸಿಯನ್ನು ಹುಡುಕಬೇಕಾಗಲಿಲ್ಲ. ಅಂಗಡಿಯ ಮುಂಭಾಗದಲ್ಲಿ, ಬಂದವರಿಗೆಲ್ಲ ಕಾಣುವ ಹಾಗೆ, ಎತ್ತರದ ಸ್ಟೂಲಿನ ಮೇಲೆ ನಿಂತಿದ್ದಳು. ಎದುರಿಗಿದ್ದ ಅಗಲದ ಮೇಜಿನ ಮೇಲೆ ಹೊದಿಕೆಗಳ ಗುಡ್ಡೆ. ಒಂದನ್ನು ಎಳೆದು, ಝಾಡಿಸಿ, ಅಂಚಿಗೆ ಅಂಚು ಕೂಡಿಸಿ, ನೋಡನೋಡುತ್ತಿದ್ದಂತೆ ಮಡಿಸಿ ಇಟ್ಟಳು. ಕೈಗೆ ಒಂದಿಷ್ಟೂ ತಡವರಿಕೆ ಇರಲಿಲ್ಲ.

“ಮೇಡಂ! ನೋಡಿ, ಇಲ್ಲಿ ಎಲ್ಲರಿಗಿಂತ ನಂದೇ ಬೇಗ. ಓನರ್ ನನ್ನನ್ನೇ ಮುಂದೆ ನಿಲ್ಲಿಸಿದ್ದಾರೆ, ಬಂದೋರು ನೋಡ್ಲಿ ಅಂತ.”

ಅವಳ ಮುಖದಲ್ಲಿ ಅಂಥ ಹೆಮ್ಮೆಯನ್ನು ದೊಡ್ಡ ಮೇಡಂ ಶಾಲೆಯಲ್ಲಿ ಯಾವತ್ತೂ ಕಂಡಿರಲಿಲ್ಲ, ಆ ಒಂದು ದಿನ ಬಿಟ್ಟು.

“ತುಂಬ ಚೆನ್ನಾಗಿದೆ ಪುಟ್ಟಾ. ಸಂಜೆ ನಮ್ಮನೆಗೆ ಬಾ. ದಿನಾ ಸ್ವಲ್ಪ ಹೊತ್ತು ಓದೋಣ, ನಾನೇ ಪಕ್ಕದಲ್ಲಿ ಕೂತ್ಕೋತೀನಿ. ಪರದೆ ಗಿರದೆ ಏನೂ ಇಲ್ಲ, ಬರೀ ಪುಸ್ತಕ.”

ಮೆಣಸಿ ಇನ್ನೊಂದು ಹೊದಿಕೆ ಎಳೆದುಕೊಂಡಳು. ಯೋಚಿಸಿದಳು. ಖಾರ ಇರಲಿಲ್ಲ ಅವಳ ಮಾತಿನಲ್ಲಿ, ದೊಡ್ಡವರು ಚಿಕ್ಕವರಿಗೆ ತಿಳಿಹೇಳುವ ಹಾಗೆ ಹೇಳಿದಳು.

“ಬೇಡ ಮೇಡಂ. ಇದು ನಂಗೆ ಬರುತ್ತೆ.”

ಹಿಂದೆ ಯಾರೋ ಬಟ್ಟೆಯ ಗಂಟು ಹಿಡಿದು ಬಂದು ನಿಂತಿದ್ದರು. “ಸ್ವಲ್ಪ ಸರೀತೀರಾ, ಕೊಡೋದಿದೆ” ಎಂದರು. ದೊಡ್ಡ ಮೇಡಂ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಮೆಣಸಿ ಎರಡೂ ಕೈ ಚಾಚಿ ಗಂಟು ಇಸಿದುಕೊಂಡಳು.